ಚಪ್ಪೆ ನೀರಿನ ಆಸೆ

ಕುಸುಮಾವತಿಗೆ ಹಗಲುಗನಸಿನ ಚಟ. ತ್ರಾಸಿ ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತವಳು ಬಂಗುಡೆಗೆ ಬೆಲೆ ಹೇಳುತ್ತ ಹೇಳುತ್ತಲೇ ಎಲ್ಲೋ ಹೋಗಿಬಿಡುತ್ತಿದ್ದಳು. ಗಿರಾಕಿ ಮತ್ತೆ ಮತ್ತೆ ಕರೆದರೆ ಮಾತ್ರ ವಾಪಸು ಬರುವಳು. ಹೋಗುತ್ತಿದ್ದದ್ದು ಬಹಳ ದೂರವೇನಲ್ಲ, ತನ್ನದೇ ಮನೆಯ ಬಾವಿಕಟ್ಟೆಗೆ. ಅಲ್ಲಿ ಸುಡುಬೇಸಗೆಯಲ್ಲೂ ನೀರು ತಣ್ಣಗೆ, ತಿಳಿಯಾಗಿ, ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನಿಂತಿರುತ್ತಿತ್ತು.

ನಿಜವಾದ ಬಾವಿ ಹಾಗಿರಲಿಲ್ಲ. ಅವಳು ಬಿಜೂರಿನ ಗದ್ದೆಗಳ ನಡುವಿನಿಂದ ಕಡಲ ಬದಿಯ ಹೊಯ್ಗೆಕೇರಿಗೆ, ಹೆಸರಿನಂತೆಯೇ ಬರೀ ಹೊಯ್ಗೆಯ, ಮರಳಿನ ನೆಲಕ್ಕೆ, ಸೊಸೆಯಾಗಿ ಬಂದವಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದಳು, ಕೊಡ ಇಳಿಸಿದಳು, ಮೊದಲ ಬೇಸಗೆಯಲ್ಲೇ ಮುಖ ಕಿವುಚಿದಳು. ಶಿವರಾತ್ರಿ ಕಳೆಯಿತೆಂದರೆ ಸಮುದ್ರವು ಮರಳಿನಡಿಯಿಂದ ಮೆಲ್ಲಗೆ ಬಂದು ಕೇರಿಯ ಬಾವಿಗಳಿಗೆಲ್ಲ ಉಪ್ಪು ಹಾಕುತ್ತಿತ್ತು. ಬೇಳೆ ಬೇಯದು, ಸಾಬೂನು ನೊರೆ ಬಿಡದು. ಆಮೇಲೆ ಮಳೆ ಹಿಡಿಯುವ ತನಕ ಕೇರಿಯವರು ಯಾರೂ ತಮ್ಮ ಬಾವಿಯ ನೀರನ್ನು ಬಾಯಿಗೆ ಹಾಕುತ್ತಿರಲಿಲ್ಲ. ಉಪ್ಪಿಲ್ಲದ ಚಪ್ಪೆ ನೀರಿಗಾಗಿ ಗುಡ್ಡದ ಬದಿಯ ಮನೆಗಳಿಗೆ ಕೊಡ ಹೊತ್ತು ನಡೆಯುತ್ತಿದ್ದರು. ಮಳೆಗಾಲದಲ್ಲೋ, ಅದೇ ಗುಡ್ಡದ ನೀರು ಕರೆಯದೆ ಅಂಗಳಕ್ಕೆ ನುಗ್ಗಿ, ಒಲೆ ನಂದಿಸಿ, ಯಾರ ಕೈಗೂ ಸಿಗದೆ ಕಡಲಿಗೆ ಹೋಗುತ್ತಿತ್ತು. ಬೇಡವೆಂದಾಗ ಬಂದು ಬೇಕೆಂದಾಗ ಮುಖ ತೋರಿಸದ ಇಂಥ ನೆಂಟರನ್ನು ಕುಸುಮಾವತಿ ಬೇರೆಲ್ಲೂ ಕಂಡಿರಲಿಲ್ಲ.

2009ರ ಬೇಸಗೆಯಲ್ಲಿ ಬ್ರಹ್ಮಾವರದ ಇಂಜಿನಿಯರ್ ಜಿತೇಂದ್ರ ಕೇರಿಯವರನ್ನೂ ಗುಡ್ಡದ ಬದಿಯ ರೈತರನ್ನೂ ಒಟ್ಟಿಗೆ ಕೂರಿಸಿ, ಮರಳಿನ ಮೇಲೆ ಕೋಲಿನಿಂದ ಗೀಟೆಳೆದು ತೋರಿಸಿದ. ಗದ್ದೆ ಮುಗಿಯುವಲ್ಲಿ, ಗುಡ್ಡದ ನೀರು ಹರಿದು ಬರುವ ತೋಡಿಗೆ ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು. ಮಳೆಗಾಲದಲ್ಲಿ ಕಿಂಡಿ ತೆರೆದಿರಬೇಕು. ಮಳೆ ಮುಗಿದ ಮೇಲೆ ಹಲಗೆ ಇಳಿಸಿ ಬೇಸಗೆಗೆಂದು ನೀರು ನಿಲ್ಲಿಸಬೇಕು. ಅದರ ಕೆಳಗೆ, ಕುಸುಮಾವತಿಯ ಮನೆಯ ಹಿಂದಿನ ತಗ್ಗಿನಲ್ಲಿ, ಒಂದು ಅಗಲವಾದ ಹೊಂಡ. ಎಂಥ ಗಾಳಿಮಳೆ ಬಂದರೂ ನೀರು ಆ ಹೊಂಡಕ್ಕೆ ಇಳಿದು, ಹೆಚ್ಚಾದದ್ದು ಕೋಡಿಯಿಂದ ಸಮುದ್ರಕ್ಕೆ ಹೋಗಬೇಕು, ಮನೆಗಳ ಮೇಲಲ್ಲ. ತಗ್ಗು ಕುಸುಮಾವತಿಯದು. ಕೊಟ್ಟಳು. ಕೇರಿಯವರು, ರೈತರು ಸೇರಿ ಅಗೆದರು, ಕಟ್ಟಿದರು, ನಡುನಡುವೆ ಜಗಳವನ್ನೂ ಆಡಿದರು.

ದೀಪಾವಳಿಯ ಹೊತ್ತಿಗೆ ಅಮಾಸೆಬೈಲಿನಿಂದ ಸುದ್ದಿ ಬಂತು. ಕುಸುಮಾವತಿಯ ಒಬ್ಬಳೇ ಮಗಳು ಶ್ರಾವ್ಯ ಬಸುರಿ. ಗಂಡನ ಮನೆಯವರದು ಅಲ್ಲಿ ಒಣಮೀನಿನ ಅಂಗಡಿ, ಮನೆ ಹಿಂದೆಯೇ ಒರತೆ. ಸುದ್ದಿಯ ಜೊತೆಗೆ ಬೀಗಿತ್ತಿ ಪದ್ದು ಒಂದು ಮಾತನ್ನೂ ಸೇರಿಸಿದ್ದಳು.

“ಹೆರಿಗೆ ಬಪ್ದ್ ಬೇಸ್ಗೆಯಂಗೆ. ನಿಮ್ಮಲ್ಲ್ ಆ ಉಪ್ಪ್‌ನೀರಂಗೆ ಬಾಣಂತಿ ಮೀವುದ್ ಹೆಂಗೆ? ಶಿಶುವಿನ್ ಮೈ ಎಂತ ಆಪ್ದ್? ಬಾಣಂತನ ಇಲ್ಲೇ ಮಾಡುವ.”

ಮಾತಿನಲ್ಲಿ ವಿಷವಿರಲಿಲ್ಲ, ಅದೇ ಕಷ್ಟ. ಚೊಚ್ಚಲ ಬಾಣಂತನ ತವರಿನದು. ಅದನ್ನೂ ಸಮುದ್ರ ಕಿತ್ತುಕೊಳ್ಳುವುದಾದರೆ ತಾನು ತಾಯಿಯಾಗಿ ಮಾಡಿದ್ದೇನು ಎಂದು ಕುಸುಮಾವತಿ ಗಂಡನ ಮುಂದೆ ಅತ್ತಳು.

ಗಂಡ ಶೀನ ದೋಣಿ ರಿಪೇರಿಯವನು; ಮಾತು ಕಡಿಮೆ, ಕೈಕೆಲಸ ಜಾಸ್ತಿ. ಗದ್ದೆಗೆ ದೀಪವಿಟ್ಟ ಮೇಲೆ ಮಳೆಯಿಲ್ಲ ಎಂದು ಈ ಕಡೆಯವರ ನಂಬಿಕೆ. ದೀಪವಿಟ್ಟ ಮಾರನೆಯ ದಿನವೇ ಅವನು ಕಿಂಡಿಗೆ ಹಲಗೆ ಇಳಿಸಲು ಹೊರಟ. ರೈತರಾದರೆ ಹಲಗೆಗಳ ನಡುವೆ ಜೇಡಿಮಣ್ಣು ತುಂಬುತ್ತಾರೆ. ಅಲ್ಲಿಷ್ಟು ಇಲ್ಲಿಷ್ಟು ಸೋರುತ್ತದೆ, ಸೋರಲಿ ಎಂದು ಬಿಡುತ್ತಾರೆ. ಸೋರುವ ಹಲಗೆಯನ್ನು ಕಂಡರೆ ಶೀನನಿಗೆ ನಿದ್ರೆ ಬಾರದು. ಸಂದಿಸಂದಿಗೆ ಹತ್ತಿಯ ಬತ್ತಿ ತುರುಕಿ, ಮೇಲೆ ಬಿಸಿ ರಾಳ ಮೆತ್ತಿ, ಕಡಲಿಗೆ ಇಳಿಸುವ ದೋಣಿಯ ಹಾಗೆ ಬಿಗಿದುಬಿಟ್ಟ.

“ಶೀನಣ್ಣ, ಇದ್ ಕಟ್ಟವಾ, ದೋಣಿಯಾ?” ಎಂದು ಗುಡ್ಡದ ಬದಿಯ ಅಜಿತ್ ಶೆಟ್ಟಿ ನಕ್ಕ.

“ಒಂದ್ ಹನಿ ಹೋಪ್ಕಾಗ,” ಎಂದ ಶೀನ.

ಹೋಗಲೂ ಇಲ್ಲ. ಎಲ್ಲರೂ ಬಂದು ನೋಡಿ ತಲೆದೂಗಿದರು. ತೋಡು ನಿಂತು, ಅಗಲವಾಗಿ, ಒಂದು ಸಣ್ಣ ಕೆರೆಯೇ ಆಯಿತು. ಸಂಜೆ ಮೀನು ಮಾರಿ ಬಂದ ಕುಸುಮಾವತಿ ಅದರ ದಂಡೆಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ನೀರಿನಲ್ಲಿ ತೆಂಗಿನ ಗರಿಗಳು ತಲೆಕೆಳಗಾಗಿ ತೂಗುತ್ತಿದ್ದವು, ಕೊಕ್ಕರೆಯೊಂದು ತನ್ನದೇ ಬಿಂಬದ ಕಾಲುಗಳ ಮೇಲೆ ನಿಂತಿರುತ್ತಿತ್ತು. ಅವಳಿಗೆ ಕಾಣುತ್ತಿದ್ದದ್ದು ಬಚ್ಚಲ ಹಬೆ. ಹಬೆಯೊಳಗೆ ಕಾಲು ನೀಡಿ ಕೂತ ತಾನು. ಕಾಲ ಮೇಲೆ ಎಣ್ಣೆ ಹಚ್ಚಿದ, ಇನ್ನೂ ಹೆಸರಿಲ್ಲದ ಒಂದು ಜೀವ. ಕತ್ತಲಾಗಿ ಶೀನ ಬಂದು ಎಬ್ಬಿಸುವ ತನಕ ಆ ಶಿಶುವಿನ ಸ್ನಾನ ಮುಗಿಯುತ್ತಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಆಕಾಶ ಅರಿಸಿನ ಕದಡಿದ ನೀರಿನ ಬಣ್ಣಕ್ಕೆ ತಿರುಗಿತು. ಚಂಡಮಾರುತವೆಂದು ರೇಡಿಯೋ ಹೇಳಿತು, ಅದಕ್ಕೊಂದು ಹೆಸರನ್ನೂ ಹೇಳಿತು. ಗದ್ದೆಗೆ ದೀಪವಿಟ್ಟಾಗಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲವೇನೋ. ದೋಣಿಗಳು ದಡ ಸೇರಿದವು, ಗಾಳಿ ಎದ್ದಿತು, ಆಷಾಢವನ್ನು ಮೀರಿಸುವ ಮಳೆ ಹಿಡಿಯಿತು. ಜಿತೇಂದ್ರ ಬ್ರಹ್ಮಾವರದಿಂದ ಫೋನು ಮಾಡಿ, ಹಲಗೆಗಳನ್ನು ಮೇಲಿನಿಂದ ಒಂದೊಂದಾಗಿ ಎತ್ತಿ, ನೀರನ್ನು ಹೊಂಡಕ್ಕೆ ನಿಧಾನವಾಗಿ ಬಿಡಿ ಎಂದ.

ಅಜಿತ್ ಕೊಕ್ಕೆ ಹಾಕಿ ಎಳೆದ. ಹಲಗೆ ಮಿಸುಕಲಿಲ್ಲ. ನೀರು ಕುಡಿದು ಉಬ್ಬಿದ ಮರ, ಮೇಲೆ ಶೀನನ ರಾಳ. ಎಲ್ಲರೂ ಸೇರಿ ಎಳೆದರು. ಕೊಕ್ಕೆ ನೆಟ್ಟಗಾಯಿತೇ ಹೊರತು ಹಲಗೆ ಬರಲಿಲ್ಲ. ನೀರು ಹಲಗೆಯ ಮೇಲಿಂದ ಉಕ್ಕತೊಡಗಿ, ಬದಿಯ ಮಣ್ಣಿನ ಏರಿ ಹಿಡಿಹಿಡಿಯಾಗಿ ಕರಗುತ್ತಿತ್ತು. ಏರಿ ಒಡೆದರೆ ನೀರು ಹೊಂಡದ ದಾರಿ ಹಿಡಿಯುವುದಿಲ್ಲ, ಇಡೀ ಕೆರೆ ಒಂದೇ ಏಟಿಗೆ ಕೇರಿಯ ಮೇಲೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ, ಕೊಡಲಿ.

ಶೀನ ಕೊಡಲಿ ಹಿಡಿದು ಕಿಂಡಿಯ ಮೇಲೆ ನಿಂತ. ಎತ್ತಿದ, ಇಳಿಸಿದ, ಹೊಡೆಯಲಿಲ್ಲ.

“ನನ್ ಕೈಯಂಗ್ ಆತಿಲ್ಲ,” ಎಂದ.

“ಹ್ವಾಯ್, ಕೊಡಿ ಇಲ್ಲ್,” ಎಂದಳು ಕುಸುಮಾವತಿ.

ಅವಳು ನೀರನ್ನು ನೋಡಿದಳು. ಮಳೆ ಚುಚ್ಚುತ್ತಿದ್ದ ಆ ಕೆಂಪು ನೀರಿನಲ್ಲೂ ಹಬೆ ಕಂಡಿತು, ಬಚ್ಚಲು ಕಂಡಿತು. ಹೊಡೆದಳು. ತೊಟ್ಟಿಲಿಗೆ ಕೊಡಲಿ ಹಾಕಿದ ಹಾಗಾಯಿತು ಅವಳಿಗೆ. ಆದರೂ ಹೊಡೆದಳು. ಮೇಲಿನ ಹಲಗೆ ಸೀಳಿದ ಮೇಲೆ ಶೀನ ಕೊಡಲಿಯನ್ನು ಕಸಿದುಕೊಂಡು ತಾನೇ ಮುಂದುವರಿಸಿದ. ಅಳುತ್ತಿದ್ದನೋ ಮಳೆಯೋ, ಯಾರೂ ಕೇಳಲಿಲ್ಲ. ಉಳಿದವನ್ನು ನೀರೇ ಮುರಿದುಕೊಂಡು ಹೋಯಿತು. ಕೆರೆ ಬರಿದಾಯಿತು, ಹೊಂಡ ತುಂಬಿತು, ಕೋಡಿ ಹರಿಯಿತು. ಕೇರಿಯಲ್ಲಿ ಒಂದು ಹೊಸ್ತಿಲೂ ಒದ್ದೆಯಾಗಲಿಲ್ಲ.

ಗಾಳಿ ನಿಂತ ಮೇಲೆ ಜಿತೇಂದ್ರ ಬಂದ. ಮುರಿದ ಹಲಗೆಗಳ ಕಡೆ ನೋಡಿದವನು ಬೈಯಲಿಲ್ಲ. ಅಂಚಿನವರೆಗೆ ತುಂಬಿದ್ದ ಹೊಂಡದ ಬಳಿ ನಿಂತು, “ಅಕ್ಕಾ, ನೀರೆಲ್ಲ ಕಡ್ಲಿಗೆ ಹೋಯ್ಲಿಲ್ಲ. ಇಲ್ಲ್ ನಿಂತದ್ದ್ ಹೊಯ್ಗೆಯೊಳ್ಗೆ ಇಳಿತಾ ಇತ್ತ್, ಕಾಣಿ,” ಎಂದ. ಸಾವಿನ ಮನೆಗೆ ಬಂದವರ ಮಾತನ್ನು ಕೇಳುವಂತೆ ಅವಳು ತಲೆಯಾಡಿಸಿದಳು. ಹೊಸ ಹಲಗೆ ಸಿದ್ಧವಾಗುವಷ್ಟರಲ್ಲಿ ತೋಡು ಸೊರಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಅವಳು ಮಗಳಿಗೆ ಫೋನು ಮಾಡಿದಳು.

“ಹೆಣೆ, ನೀನ್ ಅಲ್ಲೇ ಇರ್. ಇಲ್ಲ್ ನೀರಿಲ್ಲ.”

“ಆಯ್ತಮ್ಮ,” ಎಂದಳು ಶ್ರಾವ್ಯ.

ಶಿವರಾತ್ರಿ ಕಳೆಯಿತು. ಕೇರಿಯ ಹೆಂಗಸರು ಕೊಡ ಹೊತ್ತು ಗುಡ್ಡದ ಕಡೆ ನಡೆಯತೊಡಗಿದರು, ಕುಸುಮಾವತಿಯೂ ನಡೆದಳು. ಈಗ ಅವಳು ಬುಟ್ಟಿಯ ಮುಂದೆ ಕೂತರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗಿರಾಕಿ ಒಮ್ಮೆ ಕರೆದರೆ ಸಾಕಾಗುತ್ತಿತ್ತು.

ಮಾರ್ಚಿನ ಒಂದು ಮಧ್ಯಾಹ್ನ ಅಂಗಳದಾಚೆ ಒಣಮೀನಿನ ಟೆಂಪೊ ನಿಂತಿತು. ಶ್ರಾವ್ಯ ಹೊಟ್ಟೆ ಹಿಡಿದುಕೊಂಡು ಇಳಿದಳು. ಅವಳ ಗಂಡ ರತನ್ ಹಿಂದಿನಿಂದ ನೀರಿನ ಕ್ಯಾನುಗಳನ್ನು ಇಳಿಸತೊಡಗಿದ.

“ಎಂತ ಹೆಣೆ ಇದ್?” ಕುಸುಮಾವತಿ ಕ್ಯಾನುಗಳ ಕಡೆ ಕೈ ತೋರಿಸಿದಳು.

“ನೀರಿಲ್ಲ ಅಂದ್ಯಲ್ದಾ, ಅದ್ಕೇ ನೀರ್ ತಂದೆ. ವಾರ ವಾರ ಇವ್ರ್ ತಂದ್ ಕೊಡ್ತ್ರ್. ಅಮ್ಮನ್ ಮನಿಗ್ ಬಪ್ಕೆ ನೀರ್ ಒಂದ್ ಅಡ್ಡವಾ?”

ಹೊರಗಿನಿಂದ ಬಂದವರು ಕಾಲು ತೊಳೆಯಬೇಕಲ್ಲ, ಶ್ರಾವ್ಯ ನೇರ ಬಾವಿಕಟ್ಟೆಗೆ ಹೋದಳು. ಕೊಡ ಸೇದಿ, ಕಾಲಿಗೆ ಹಾಕಿ, ಬಾಯಿ ಮುಕ್ಕಳಿಸಿದಳು. ತುಟಿ ನೆಕ್ಕಿ ನೋಡಿದಳು. ಆಮೇಲೆ ಬೊಗಸೆ ಹಿಡಿದು ಕುಡಿದಳು.

“ಕುಡಿಬೇಡ, ಉಪ್ಪ್ ಅದ್,” ಎಂದು ಕುಸುಮಾವತಿ ಓಡಿದಳು.

“ಯಾರ್ ಹೇಳದ್? ಚಪ್ಪೆ ಇತ್ತಲ್ದಾ.”

ಕುಸುಮಾವತಿ ಕೊಡ ಎತ್ತಿ ಬಾಯಿಗೆ ಇಟ್ಟಳು. ನೀರು ಗದ್ದದಿಂದ ಇಳಿದು ಎದೆ ತೋಯಿಸಿತು. ಬಿಜೂರಿನ ನೀರಿನ ಹಾಗೆಯೇ ಇತ್ತು. ಇಷ್ಟು ದಿನ ಇದನ್ನು ದಾಟಿಕೊಂಡೇ ಅವಳು ಗುಡ್ಡ ಹತ್ತಿದ್ದಳು. ಕೇರಿಯಲ್ಲಿ ಒಬ್ಬರಾದರೂ ನಾಲಗೆಗೆ ತಾಗಿಸಿ ನೋಡಿರಲಿಲ್ಲ.

ಅವಳು ಮನೆಯ ಹಿಂದಿನ ಹೊಂಡದ ಕಡೆ ಒಮ್ಮೆ ತಿರುಗಿ ನೋಡಿದಳು. ಮತ್ತೊಂದು ಕೊಡ ಸೇದಿ, ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಬಾತುಕೊಂಡಿದ್ದ ಆ ಕಾಲುಗಳ ಮೇಲೆ ನಿಧಾನವಾಗಿ ಸುರಿದು ಉಜ್ಜತೊಡಗಿದಳು. ಅದು ಖಾಲಿಯಾಗಲು ಇನ್ನೊಂದು ಸೇದಿದಳು.

“ಸಾಕಮ್ಮ, ಎಂತಕೆ ಇಷ್ಟ್ ನೀರ್ ಚೆಲ್ಲುದ್?”

“ಇತ್ತಲ್ದಾ ಹೆಣೆ,” ಎಂದಳು ಕುಸುಮಾವತಿ, ಮತ್ತೆ ಕೊಡ ಇಳಿಸಿದಳು.