ಬಾಗಿಲ ಮುಂದಿನ ಕಟ್ಟೆ

ಇಂಡಿ ಊರಿನ ಆ ಓಣಿಯಲ್ಲಿ ರೇವಣಪ್ಪನವರ ಮನೆ ಯಾವುದೆಂದು ಕೇಳಿದರೆ, "ಕಟ್ಟಿ ಮನಿ ಏನ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಬಾಗಿಲಿನ ಎಡಕ್ಕೆ, ಮೆಟ್ಟಿಲಿಗೆ ಅಂಟಿಕೊಂಡೇ ಐದಾರು ಜನ ಕೂಡುವಷ್ಟು ಉದ್ದದ ಕಲ್ಲಿನ ಕಟ್ಟೆ. ಬೆಳಿಗ್ಗೆ ಕಾಯಿಪಲ್ಲೆ ಮಾರುವ ಲಕ್ಕವ್ವ ಬುಟ್ಟಿ ಇಳಿಸುವುದು ಅಲ್ಲೇ. ಮಧ್ಯಾಹ್ನ ಸಾಲೋಟಗಿ ಬಸ್ಸು ತಪ್ಪಿಸಿಕೊಂಡವರು ಚೀಲ ಇಡುವುದು ಅಲ್ಲೇ. ಸಂಜೆಯಾದರೆ ಓಣಿಯ ಗಂಡಸರು ಇಲೆಕ್ಷನ್ನಿನಿಂದ ಹಿಡಿದು ಎಮ್ಮೆಯ ಹೊಟ್ಟೆನೋವಿನ ತನಕ ಎಲ್ಲವನ್ನೂ ಬಗೆಹರಿಸುವುದೂ ಅಲ್ಲೇ.

ಕಟ್ಟೆಯ ಹಿಂದೆ ಒಂದು ಕಿಟಕಿ. ಕಿಟಕಿಯ ಹಿಂದೆ ಸುನಂದಾ.

ರೇವಣಪ್ಪನವರ ಈ ಕಿರಿ ಮಗಳು ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಮೂರು ವರ್ಷವಾಗಿತ್ತು. ಯಾರಾದರೂ ಮಾತಾಡಿಸಿದರೆ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಆದರೆ ಕಿಟಕಿಯನ್ನು ಅರ್ಧ ಮುಚ್ಚಿ, ಡೈರಿ ತೊಡೆಯ ಮೇಲಿಟ್ಟುಕೊಂಡು ಕೂತಳೆಂದರೆ ಕಟ್ಟೆಯ ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಚಡಚಣದ ದ್ರಾಕ್ಷಿಗೆ ಬಿದ್ದ ರೋಗ, ಲಕ್ಕವ್ವನ ಸೊಸೆ ಸಿಟ್ಟಾಗಿ ತವರಿಗೆ ಹೋಗಿ ನಾಲ್ಕೇ ದಿನಕ್ಕೆ ತಿರುಗಿ ಬಂದದ್ದು, ಎಲ್ಲ ಆ ಡೈರಿಯಲ್ಲಿತ್ತು. ಊರು ಅವಳಿಗೆ ಸಿಗುತ್ತಿದ್ದುದೇ ಆ ಕಟ್ಟೆಯಿಂದ. ಅದರ ಮೇಲೆ ಮಾತ್ರ ಅವಳು ಒಮ್ಮೆಯೂ ಕೂತವಳಲ್ಲ. ಮದುವೆಯಾಗದ ಹುಡುಗಿಯರು ಹೊರಗಿನ ಕಟ್ಟೆಯ ಮೇಲೆ ಕೂಡುವ ರೂಢಿ ಆ ಓಣಿಯಲ್ಲಿ ಇರಲಿಲ್ಲ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಅಕ್ಕ ವಿಜಯಲಕ್ಷ್ಮಿಯ ಗಂಡ ಅಮಿತ ಸೊಲ್ಲಾಪುರದಿಂದ ಬಂದ. ಬಟ್ಟೆ ಅಂಗಡಿಯವನು, ಈಚೆಗೆ ಹದಿನೈದು ದಿನದ ತರಗತಿಗೆ ಹೋಗಿ ಫೆಂಗ್‌ಶುಯಿ ಎಂಬ ಚೀನೀ ವಾಸ್ತು ಕಲಿತಿದ್ದ. ಚೀಲದಿಂದ ಗಾಳಿಗಂಟೆ, ನಗುವ ಬುದ್ಧ, ಎಂಟು ಮೂಲೆಯ ಕನ್ನಡಿ, ದಿಕ್ಸೂಚಿ, ಒಂದು ಪುಸ್ತಕ ಹೊರಬಂದವು. ಸುನಂದಾಳನ್ನು ಆಗಲೇ ಎರಡು ಕಡೆಯವರು ನೋಡಿ ಹೋಗಿ, ಉತ್ತರ ಕೊಡದೆ ಸುಮ್ಮನಾಗಿದ್ದರು. ಮೂರನೆಯವರು ಬರುವ ಭಾನುವಾರ ಮುದ್ದೇಬಿಹಾಳದಿಂದ ಬರುವವರಿದ್ದರು.

ಅಮಿತ ದಿಕ್ಸೂಚಿಯನ್ನು ಹೊಸ್ತಿಲ ಕಬ್ಬಿಣದ ಪಟ್ಟಿಯ ಮೇಲಿಟ್ಟು ನೋಡಿದ.

"ಮಾವಾರ, ನಿಮ್ಮ ಬಾಗಲಾ ದಕ್ಷಿಣಕ್ಕ ಮಾರಿ ಮಾಡೈತಿ. ಅದರಾಗ ಈ ಕಟ್ಟಿ ಬ್ಯಾರೆ. ಶುಭಶಕ್ತಿ ಒಳಗ ಬರಬೇಕಂದ್ರ ಇದು ಅಡ್ಡ ಕುಂತೈತಿ. ಕಂಡಕಂಡವರೆಲ್ಲಾ ಬಂದು ತಮ್ಮ ದರಿದ್ರ ಇಲ್ಲೇ ಝಾಡಿಸಿ ಹೋಗ್ತಾರ. ಒಡಸ್ರಿ. ಎರಡು ಕ್ರೋಟನ್ ಗಿಡದ ಕುಂಡ ಇಡೂಣು."

ನಲವತ್ತು ವರ್ಷ ಅದೇ ಹೊಸ್ತಿಲ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ಕಂಡ ರೇವಣಪ್ಪನವರು, ಹೌದೆಂದು ತಲೆಯಾಡಿಸಿದರು.

"ಮಾಮಾ, ಕಬ್ಬಿಣದ ಮ್ಯಾಲ ಇಟ್ರ ಮುಳ್ಳು ತಪ್ಪು ತೋರಸತೈತಿ," ಎಂದಳು ಸುನಂದಾ, ಬಾಗಿಲ ಸಂದಿಯಿಂದ.

ಅಮಿತ ದಿಕ್ಸೂಚಿ ಎತ್ತಿಕೊಂಡು ಓಣಿಯ ನಡುವೆ ಹೋಗಿ ನಿಂತ. ಮುಳ್ಳು ಗರ್ರನೆ ತಿರುಗಿತು. ಬಾಗಿಲು ಪೂರ್ವಕ್ಕಿತ್ತು.

"ಪೂರ್ವ ಆದ್ರ ಇನ್ನೂ ಕೆಟ್ಟ ಆತು ನೋಡ್ರಿ," ಎಂದ. "ಇಷ್ಟು ಚಲೋ ಬಾಗಲಾ ಇಟಗೊಂಡು ಅದಕ್ಕ ಕಟ್ಟಿ ಅಡ್ಡ ಹಾಕೀರಿ."

"ಒಡಸೂಣ್ರಿ ಅಳ್ಯಾರ," ಎಂದರು ರೇವಣಪ್ಪನವರು. "ಹುಡುಗೀ ಬಾಳೇವು ಹಸನ ಆಗತೈತಿ ಅಂದ್ರ ಕಟ್ಟಿ ಯಾವ ಲೆಕ್ಕ."

ಮರುದಿನವೆಲ್ಲ ಸುನಂದಾ ಆ ಫೆಂಗ್‌ಶುಯಿ ಪುಸ್ತಕ ಓದಿದಳು. ಕಟ್ಟೆ ಒಡೆಯಿರಿ ಎಂದು ಎಲ್ಲಿಯೂ ಇರಲಿಲ್ಲ. ಬಾಗಿಲ ಮುಂದೆ ಕಸವಿರಬಾರದು, ಕತ್ತಲೆ ಇರಬಾರದು, ಬಂದವರಿಗೆ ಒಂದು ಗಳಿಗೆ ನಿಲ್ಲಬೇಕೆನಿಸಬೇಕು ಎಂದಿತ್ತು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ತಂದೆಗೆ ತೋರಿಸಿದಳು.

"ನಿಮ್ಮ ಮಾಮಾ ಕಲ್ತು ಬಂದಾರ," ಎಂದರು ಅವರು, ಓದುವ ಚಾಳೀಸು ಕನ್ನಡಕ ಹುಡುಕುವ ಗೋಜಿಗೂ ಹೋಗದೆ. "ನೀ ಓದೀದಿ, ಅಷ್ಟ."

ಶುಕ್ರವಾರ ಬೆಳಿಗ್ಗೆ ಕಟ್ಟೆ ಒಡೆಯಲು ಗೌಂಡಿ ಮಶಾಕಸಾಬ ಹಾರೆ ಹೊತ್ತು ಬಂದ. ಬುಟ್ಟಿ ಇಳಿಸಲು ಬಂದ ಲಕ್ಕವ್ವನಿಗೆ ಅಮಿತ, "ಇಲ್ಲಿ ಬ್ಯಾಡ, ಮುಂದ ಹೋಗವ್ವಾ," ಎಂದ. ಮುದುಕಿ ಬುಟ್ಟಿ ಹೊತ್ತುಕೊಂಡೇ ಓಣಿಯಲ್ಲಿ ನಿಂತಳು. ಕಿಟಕಿಯಿಂದ ನೋಡುತ್ತಿದ್ದ ಸುನಂದಾ ಡೈರಿಯಲ್ಲಿ ಅದನ್ನು ಬರೆಯಲು ಹೊರಟವಳು ಪೆನ್ನು ಮುಚ್ಚಿದಳು. ಎದ್ದಳು. ಹೊಸ್ತಿಲು ದಾಟಿ ಬಂದು ಕಟ್ಟೆಯ ನಟ್ಟನಡುವೆ ಕೂತಳು.

"ಏಳವ್ವಾ ತಂಗಿ," ಎಂದ ಮಶಾಕಸಾಬ. "ಹಾರಿ ಕಾಲ ಮ್ಯಾಲ ಬಿದ್ದೀತು."

"ಬೀಳಲಿ ಕಾಕಾ."

"ಏ ಸುನಂದಾ, ಏನ್ ಹುಡುಗಾಟ ಹಚ್ಚೀದಿ?" ಅಮಿತನ ದನಿ ಏರಿತು. "ಓಣಿ ಮಂದಿ ನೋಡಾಕತ್ತಾರ."

"ನೋಡಲಿ. ಮೂರು ವರ್ಷ ನಾ ಅವರನ್ನ ನೋಡೇನಿ."

"ಮುದ್ದೇಬಿಹಾಳದವ್ರು ನೀ ಹಿಂಗ ಹೊರಗ ಕುಂತಿದ್ದು ನೋಡಿದ್ರ ಹೊಳ್ಳಿ ಹೋಗ್ತಾರ."

"ಕುಂತಾಕಿನ್ನ ನೋಡೇ ಹೋಗ್ಲಿ." ಎರಡೂ ಕೈಗಳಿಂದ ಅವಳು ಕಟ್ಟೆಯ ಅಂಚು ಹಿಡಿದಿದ್ದಳು. ಈ ಸಲ ದನಿ ಗಂಟಲು ದಾಟಿ ಬಂದಿತ್ತು. "ಗಾಳಿಗಂಟಿ ಕಟ್ರಿ, ಕನ್ನಡಿ ಕಟ್ರಿ, ಬಾಗಲಕ್ಕ ಕೆಂಪು ಬಣ್ಣಾ ಬೇಕಂದ್ರ ನಾನ ಬಳೀತೇನಿ. ಮಂದೀಗೆ ನಿಲ್ಲಬೇಕು ಅನಸಬೇಕಂತ ನಿಮ್ಮ ಪುಸ್ತಕದಾಗ ಐತಿ. ನಮ್ಮಜ್ಜನ ಕಾಲದಿಂದ ಮಂದಿ ನಿಲ್ಲಾಕತ್ತಿದ್ದು ಇಲ್ಲೇ. ಇದನ್ನ ಒಡದು ಯಾರನ್ನ ಕರ್ಯಾವ್ರು ನೀವು?"

"ಸುನಂದಾ, ಒಳಗ ನಡಿ," ಎಂದರು ರೇವಣಪ್ಪನವರು.

"ಇಲ್ಲಪ್ಪಾ."

ತಂದೆಗೆ ಆ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಮಶಾಕಸಾಬ ಹಾರೆಯನ್ನು ಹೆಗಲಿಗೇರಿಸಿದ. "ಸಾವಕಾರ್ರ, ಮನಶ್ಯಾ ಕುಂತ ಕಟ್ಟಿಗೆ ನಾ ಹಾರಿ ಹಾಕಾಂವಲ್ಲ. ಆಕೀನ್ನ ಎಬ್ಬಿಸ್ರಿ, ಆಮ್ಯಾಲ ಹೇಳಿ ಕಳಸ್ರಿ." ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ನೋಡಿ, "ಏಳೂ ಹಂಗ ಕಾಣವಲ್ಲಳು," ಎಂದು ತನ್ನಷ್ಟಕ್ಕೆ ನಕ್ಕು ಹೋದ.

ರೇವಣಪ್ಪನವರು ಮಗಳನ್ನೊಮ್ಮೆ ನೋಡಿದರು, ಅವಳ ಬೆನ್ನ ಹಿಂದಿನ ಅರ್ಧ ಮುಚ್ಚಿದ ಕಿಟಕಿಯನ್ನೊಮ್ಮೆ ನೋಡಿದರು. "ಚಾ ಆರತೈತಿ, ಬರ್ರಿ ಅಳ್ಯಾರ," ಎಂದು ಒಳಗೆ ಹೋದರು. ಅಮಿತನೂ ದಿಕ್ಸೂಚಿಯನ್ನು ಕಿಸೆಗಿಳಿಸಿ ಹಿಂದೆ ಹೋಗಬೇಕಾಯಿತು.

"ನಿಮ್ಮ ಪಂಚಾಯತಿಯೊಳಗ ನನ್ನ ಕುತ್ತಿಗಿ ಮುರೀತು," ಎಂದಳು ಲಕ್ಕವ್ವ ಹತ್ತಿರ ಬಂದು. "ತುಸು ಸರೀಯವ್ವಾ, ಬುಟ್ಟಿ ಇಡಬೇಕು."

ಸುನಂದಾ ಸರಿದಳು. ಬುಟ್ಟಿ ಹಿಡಿಸುವಷ್ಟು. ಅದಕ್ಕಿಂತ ಒಂದು ಬೆರಳೂ ಹೆಚ್ಚು ಸರಿಯಲಿಲ್ಲ.