ಫುಟ್‌ವಾಲ್ವ್ ಇಲ್ಲದ ಪಂಪು

ಒಂದು ಭಾನುವಾರ ಊಟದ ನಡುವೆ ಅಭಿಜಿತ್ ತಲೆಯೆತ್ತಿ, "ಪಪ್ಪಾ, ಆಪ್ ಕೋ ಪಂಪ್ ಕಾ ಕುಛ್ ಮಾಲೂಮ್ ಹೈ ಕ್ಯಾ?" ಎಂದು ತನ್ನ ಎಂದಿನ ಹಿಂದಿಯಲ್ಲಿ ಕೇಳಿದ.

ಪುಂಡರೀಕಾಕ್ಷ ರಾಯರು ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಇಪ್ಪತ್ತಾರರ ಮಗ ತಮ್ಮನ್ನು ಏನನ್ನಾದರೂ ಕೇಳಿ ವರ್ಷಗಳಾಗಿದ್ದವು. ಅವನಿಗೆ ಬೇಕಾದ್ದೆಲ್ಲ ಕಂಪ್ಯೂಟರೇ ಹೇಳುತ್ತಿತ್ತು. ರಾಯರು ಹುಡುಗನಾಗಿದ್ದಾಗ ಶಂಕರಪುರದಲ್ಲಿ ಮಾವನ ಮಲ್ಲಿಗೆ ಗಿಡಗಳಿಗೆ ಮೂರು ಎಚ್‌ಪಿ ಪಂಪಿನಿಂದ ನೀರು ಬಿಟ್ಟವರು. ಠಾಣೆ ಶಹರದಲ್ಲಿ ಹೋಟೆಲು ನಡೆಸಿದ ಮೂವತ್ತು ವರ್ಷ ಆ ವಿದ್ಯೆ ಸುಮ್ಮನೆ ಬಿದ್ದಿತ್ತು.

"ಎಂಥ ಪಂಪು ಮಾರಾಯ? ಎಲ್ಲಿಗೆ?" ಎಂದರು.

"ಕಂಪ್ಯೂಟರ್ ಕೆ ಲಿಯೆ."

ಅಭಿಜಿತ್ ಬಿಲ್ಡರುಗಳಿಗೆ ಕಟ್ಟಡಗಳ ಚಿತ್ರ ಮಾಡಿಕೊಡುತ್ತಿದ್ದ. ಕಟ್ಟಡ ಏಳುವ ಮೊದಲೇ ಅದರ ಬಾಲ್ಕನಿಯಲ್ಲಿ ಹೂಕುಂಡವೂ ಕಾಣುವಂಥ ಚಿತ್ರ. ಅದನ್ನು ತಯಾರಿಸುವಷ್ಟರಲ್ಲಿ ಅವನ ಯಂತ್ರ ಕಾದು ಕಾವಲಿಯಾಗಿ ನಡುವೆಯೇ ನಿಂತುಬಿಡುತ್ತಿತ್ತು. ಫ್ಯಾನು ಸಾಲದು, ಒಳಗೆ ಕೊಳವೆಯಲ್ಲಿ ನೀರು ಹರಿಸಿ ತಣಿಸಬೇಕು ಎಂದು ಅವನ ಲೆಕ್ಕಾಚಾರ.

"ಕರೆಂಟಿನ ಪೆಟ್ಟಿಗೆಯೊಳಗೆ ನೀರಾ?" ರಾಯರ ಹೆಂಡತಿ ಪ್ರಭಾ ಬಡಿಸುವ ಸೌಟನ್ನು ಅಲ್ಲೇ ನಿಲ್ಲಿಸಿದರು. "ನೋಡಿ, ಈಗಲೇ ಹೇಳ್ತೇನೆ. ಒಂದು ಹನಿ, ಒಂದೇ ಹನಿ ನನ್ನ ನೆಲಕ್ಕೆ ಬಿದ್ರೂ ಆ ಪೆಟ್ಟಿಗೆ ಗುಜರಿಗೆ, ಭಂಗಾರ್‌ವಾಲನಿಗೆ."

"ಬೀಳುವುದಿಲ್ಲ. ಜವಾಬ್ದಾರಿ ನನ್ನದು," ಎಂದರು ರಾಯರು.

ಅಭಿಜಿತ್ ಇನ್ನೂ ಅವರಿಗೆ ಜವಾಬ್ದಾರಿ ವಹಿಸಿರಲಿಲ್ಲ.

ಮಂಗಳವಾರ ಇಬ್ಬರೂ ಠಾಣೆಯಿಂದ ಪನವೇಲ್ ಲೋಕಲ್ ರೈಲು ಹತ್ತಿದರು. ತುರ್ಭೆಯ ಕಾರ್ಖಾನೆಗಳ ತಗಡಿನ ಮಾಡುಗಳು ಹಿಂದೆ ಸರಿಯುತ್ತಿದ್ದಂತೆ ರಾಯರು ಫುಟ್‌ವಾಲ್ವಿನ ಮಹತ್ವ ವಿವರಿಸಿದರು: ಬಾವಿಯೊಳಗಿನ ಪೈಪಿನ ತುದಿಯಲ್ಲಿ ಅದು ಇರಬೇಕು, ಇಲ್ಲದಿದ್ದರೆ ಪೈಪಿನ ನೀರೆಲ್ಲ ಕೆಳಗಿಳಿದು ಪಂಪು ಗಾಳಿ ಎಳೆಯುತ್ತದೆ. ಅಭಿಜಿತ್ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ. ಆದರೂ ನಡುನಡುವೆ ತಲೆಯಾಡಿಸಿದ.

ಖಾರಘರದಲ್ಲಿ ಕೌಶಲ್ ಎಂಬವನು ತನ್ನ ಫ್ಲ್ಯಾಟಿನ ಹಾಲ್‌ನಲ್ಲೇ ಇಂಥ ಭಾಗಗಳನ್ನು ಮಾರುತ್ತಿದ್ದ. ಅವನ ಅಜ್ಜ ಮೂಡುಬಿದಿರೆಯವರೆಂದು ತಿಳಿದ ಮೇಲೆ ರಾಯರು ಕುರ್ಚಿ ಎಳೆದುಕೊಂಡು ಕೂತರು.

ಮೊದಲು ಬಂದದ್ದು ಪ್ರೊಸೆಸರಿನ ಮೇಲೆ ಕೂರುವ ಬಿಲ್ಲೆ. ರಾಯರು ಅದನ್ನು ಅಂಗೈಯಲ್ಲಿ ತೂಗಿದರು.

"ತಾಮ್ರವಾ?"

"ತಾಮ್ರವೇ ಅಂಕಲ್. ಮೇಲೆ ನಿಕ್ಕಲ್ ಲೇಪ."

"ಕಲಾಯಿ ಹಾಕಿದ್ದೀರಿ. ಒಳ್ಳೇದು. ಸಾರಿಗೆ ಕಿಲುಬು ಹತ್ತುವುದಿಲ್ಲ."

ಬಿಸಿನೀರು ತಣಿಯುವ ಜಾಲರಿ ಪೆಟ್ಟಿಗೆಗಳು ಎರಡಿದ್ದವು. ಅಭಿಜಿತ್ ಅಗ್ಗದ ಅಲ್ಯೂಮಿನಿಯಂ ಜಾಲರಿಗೆ ಕೈ ಹಾಕಿದ. ರಾಯರು ತೆಂಗಿನಕಾಯಿ ಬಡಿದು ನೋಡುವಂತೆ ಎರಡನ್ನೂ ಬೆರಳಿನಿಂದ ಬಡಿದು, ಅವನ ಕೈ ಸರಿಸಿದರು.

"ಬೇಡ. ಒಂದೇ ನೀರಿನಲ್ಲಿ ತಾಮ್ರಕ್ಕೂ ಅಲ್ಯೂಮಿನಿಯಂಗೂ ಸಂಸಾರ ಆಗುವುದಿಲ್ಲ. ನಮ್ಮ ಹೋಟೆಲಿನ ಬಾಯ್ಲರಿಗೆ ಆ ಪ್ಲಂಬರ್ ಮಾನಪ್ಪ ಹಾಗೆಯೇ ಪೈಪು ಕೂಡಿಸಿದ. ಎರಡು ವರ್ಷದಲ್ಲಿ ಜರಡಿ."

"ಅಂಕಲ್ ಕೋ ಸಬ್ ಮಾಲೂಮ್ ಹೈ!" ಕೌಶಲ್ ಅಭಿಜಿತ್‌ನತ್ತ ಹುಬ್ಬು ಹಾರಿಸಿದ.

ಅಲ್ಲಿಂದ ರಾಯರನ್ನು ಹಿಡಿಯುವವರಿರಲಿಲ್ಲ. ಕೊಳವೆಯನ್ನು ಹಲ್ಲಿನಿಂದ ಕಚ್ಚಿ ನೋಡಿದರು, ಬಾಯಿಟ್ಟು ಊದಿದರು. ಬಣ್ಣದ ದ್ರವದ ಬಾಟಲಿ ನೋಡಿ, "ಇದು ಶರಬತ್ತು. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಹೋಟೆಲಿನಲ್ಲೇ ಉಂಟು," ಎಂದು ಪಕ್ಕಕ್ಕಿಟ್ಟರು. ಗ್ಯಾಸ್ ಪೈಪಿನ ಶಿಸ್ತಿನಂತೆ ಪ್ರತಿ ಜೋಡಣೆಗೂ ಎರಡೆರಡು ಕ್ಲಾಂಪು ಆರಿಸಿದರು. ಕೊನೆಗೆ ಪಂಪು ಬಂತು. ಅದು ಒಂದು ಗೋಳಿಬಜೆಗಿಂತ ತುಸು ದೊಡ್ಡದಿತ್ತು.

"ಎಷ್ಟು ಎಚ್‌ಪಿ?"

"ಹದಿನೆಂಟು ವಾಟ್, ಅಂಕಲ್."

ರಾಯರು ಅದನ್ನು ತಿರುಗಿಸಿ ಮಗುಚಿ ನೋಡಿದರು. "ಫುಟ್‌ವಾಲ್ವ್ ಎಲ್ಲಿ?"

"ಇದಕ್ಕಿಲ್ಲ."

ಮರಳುವ ದಾರಿಯುದ್ದಕ್ಕೂ ಅವರು ಚಿಂತೆಯಲ್ಲಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಅಭಿಜಿತ್ ಎಲ್ಲವನ್ನೂ ಜೋಡಿಸಿದ. ಬದಿಯ ಗಾಜಿನ ಮೂಲಕ ಚೆನ್ನಾಗಿ ಕಾಣಲೆಂದು ಪಂಪನ್ನು ಪೆಟ್ಟಿಗೆಯ ಮೇಲ್ಗಡೆ ಕೂರಿಸಿದ. ನೀರಿನ ಡಬ್ಬಿಯನ್ನು ಕೆಳಗೆ ಮೂಲೆಯಲ್ಲಿಟ್ಟ. ರಾಯರು ಹೋಟೆಲಿನ ಪೇಪರ್ ನ್ಯಾಪ್‌ಕಿನ್‌ಗಳನ್ನು ಅಡಿಗೆಲ್ಲ ಹಾಸಿದರು. ಹನಿ ಬಿದ್ದರೆ ಕಾಗದದಲ್ಲಿ ತಿಳಿಯಬೇಕು. ಪ್ರಭಾ ಬಾಗಿಲಲ್ಲಿ ನಿಂತರು.

ಪಂಪಿಗೆ ಮಾತ್ರ ಕರೆಂಟು ಕೊಟ್ಟರು. ಅದು ಗರ್ರ್ ಎಂದಿತು. ನೀರು ಅಲುಗಲಿಲ್ಲ. ಆರಿಸಿ ಮತ್ತೆ ಹಾಕಿದರು. ಮತ್ತೆ ಗರ್ರ್. ಮೂರನೆಯ ಸಲಕ್ಕೆ ಅಭಿಜಿತ್‌ನ ಮುಖ ಬಿಳಿಚಿತು. ಒಣ ಓಡಿದರೆ ಪಂಪು ಸುಟ್ಟುಹೋಗುತ್ತದೆ.

"ಗಾಳಿ ಎಳೆದಿದೆ," ಎಂದರು ರಾಯರು, ಚಪ್ಪಲಿ ಮೆಟ್ಟುತ್ತ. "ಹತ್ತು ನಿಮಿಷ. ಮುಟ್ಟಬೇಡ."

ಹತ್ತು ಹೋಗಿ ನಲವತ್ತಾಯಿತು. ಹತ್ತಿರದ ತಬೇಲಾದಲ್ಲಿ ಅಷ್ಟೂ ಎಮ್ಮೆಗಳ ನಡುವೆ ಇದ್ದ ಒಂದೇ ದನವನ್ನು ಹುಡುಕಿ, ಅದು ಮನಸ್ಸು ಮಾಡುವವರೆಗೆ ಅವರು ಕಾಯಬೇಕಾಯಿತು. ತಬೇಲಾದ ಭಯ್ಯಾ, "ಪೂಜಾ ಹೈ ಕ್ಯಾ ಅಣ್ಣಾ?" ಎಂದು ಕೇಳಿದ. "ನಹೀಂ, ಕಂಪ್ಯೂಟರ್ ಕೆ ಲಿಯೆ," ಎಂದರು ರಾಯರು. ಅವನು ಚೀಲದ ಬಾಯಿಯನ್ನು ಗಟ್ಟಿಯಾಗಿ ಕಟ್ಟಿಕೊಟ್ಟ. ಲಿಫ್ಟಿನಲ್ಲಿ ಸೊಸೈಟಿಯ ಸೆಕ್ರೆಟರಿ ವಸಂತಕುಮಾರರು ಐದನೆಯ ಮಹಡಿಗೇ ಇಳಿದುಬಿಟ್ಟರು. ಅವರ ಮನೆ ಒಂಬತ್ತರಲ್ಲಿತ್ತು.

ರಾಯರು ಸಗಣಿಯನ್ನು ಮಗ್ಗಿನಲ್ಲಿ ಕದಡಿ, ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ, ಹಿಡಿದುಕೊಂಡು ಬಂದರು.

"ಪಪ್ಪಾ, ಯೆ ಕ್ಯಾ ಹೈ?"

"ಸಗಣಿ ನೀರು. ಪಂಪಿನ ಬಾಯಿಗೆ ಹೊಯ್ದರೆ ಸಂದೆಲ್ಲ ಮುಚ್ಚಿ ಗಾಳಿ ನಿಲ್ಲುತ್ತದೆ. ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಸೋಸಿದ್ದೇನೆ ಮಾರಾಯ!"

ಅಭಿಜಿತ್ ಎರಡೂ ಕೈ ಚಾಚಿ ಪೆಟ್ಟಿಗೆಗೆ ಅಡ್ಡ ನಿಂತ. ಗಾಬರಿಯಲ್ಲಿ ಅವನ ಬಾಯಿಂದ ಕನ್ನಡವೇ ಬಂತು: "ಬೇಡ ಪಪ್ಪಾ! ಒಳಗಿನ ಕಾಲುವೆ ಕೂದಲಿನಷ್ಟು ಸಪೂರ ಉಂಟು!" ಒಂದು ಕೈಯಲ್ಲೇ ಕೌಶಲ್‌ಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

"ಅಂಕಲ್, ನನ್ನ ಅಜ್ಜ ಕೂಡ ಅದನ್ನೇ ಹಾಕ್ತಿದ್ರು," ಎಂದ ಕೌಶಲ್, ಸಂಗತಿಯೆಲ್ಲ ಕೇಳಿ. "ಆದ್ರೆ ದಯವಿಟ್ಟು ಮಗ್ಗು ಕೆಳಗಿಡಿ. ನೀರೆಲ್ಲಿ ಉಂಟು, ಪಂಪೆಲ್ಲಿ ಉಂಟು, ಅದನ್ನು ಹೇಳಿ."

ರಾಯರು ಬಗ್ಗಿ ನೋಡಿದರು. ಪಂಪು ಮೇಲೆ, ನೀರು ಕೆಳಗೆ. ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಜನ್ಮದಲ್ಲಿ ಅವರು ಕಂಡ ಪಂಪುಗಳೆಲ್ಲ ದಂಡೆಯ ಮೇಲೆ, ಬಾವಿಗಳೆಲ್ಲ ಕೆಳಗೆ. ಬಗ್ಗಿದವರು ಹಾಗೆಯೇ ಇದ್ದರು.

"ಅಭಿ," ಎಂದರು ಕೊನೆಗೆ, "ಊರಿನಲ್ಲಿ ಬಾವಿಯನ್ನು ಎತ್ತಲಿಕ್ಕೆ ಆಗುವುದಿಲ್ಲ. ಅದಕ್ಕೆ ಫುಟ್‌ವಾಲ್ವು, ಸಗಣಿ, ಎಲ್ಲ. ಇಲ್ಲಿ ಬಾವಿಯನ್ನೇ ಎತ್ತಿ ಪಂಪಿನ ತಲೆಯ ಮೇಲೆ ಇಡಬಹುದಲ್ಲವಾ?"

"ಕರೆಕ್ಟ್!" ಎಂದು ಫೋನು ಕೂಗಿತು.

ಡಬ್ಬಿಯನ್ನು ಮೇಲೆ ಕೂರಿಸಿ, ಪಂಪನ್ನು ಕೆಳಗಿಳಿಸಿ, ಹೊಸದಾಗಿ ಕೊಳವೆ ಕತ್ತರಿಸಿ ಸೇರಿಸಿದರು. ಈ ಸಲ ಪಂಪು ಒಮ್ಮೆ ಬಿಕ್ಕಿ, ಸದ್ದಿಲ್ಲದೆ ತಿರುಗತೊಡಗಿತು. ನೀರು ಹೊರಟಿತು, ತಿರುಗಿ ಬಂತು, ಮತ್ತೆ ಹೊರಟಿತು. ಅಪ್ಪ ಮಗ ಇಬ್ಬರೂ ಮಣೆಯ ಮೇಲೆ ಕೂತು ಅದನ್ನೇ ನೋಡಿದರು. ಮಲ್ಲಿಗೆಯ ಬುಡಕ್ಕೆ ನೀರು ಬರುವುದನ್ನು ರಾಯರು ಹಾಗೆಯೇ ಕೂತು ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ನ್ಯಾಪ್‌ಕಿನ್‌ಗಳನ್ನು ಒಂದೊಂದಾಗಿ ಎತ್ತಿದರು. ಎಲ್ಲವೂ ಗರಿಗರಿ. ಅಷ್ಟರಲ್ಲಿ ಪ್ರಭಾ, "ಇದೇನು ಹಾಗಾದ್ರೆ?" ಎಂದರು. ಪೆಟ್ಟಿಗೆಯಿಂದ ಎರಡು ಅಡಿ ಆಚೆ, ಬಿಳಿ ಟೈಲ್ಸಿನ ಮೇಲೆ, ಒಂದು ಹನಿ.

ಅಭಿಜಿತ್ ಕಣ್ಣು ಮುಚ್ಚಿಕೊಂಡ. ಪ್ರಭಾ ಬಗ್ಗಿದರು, ಮೂಸಿದರು. ಹನಿ ಹಸಿರಾಗಿತ್ತು.

"ಎಮ್ಮೆಯದಾ, ದನದ್ದಾ?"

"ದನದ್ದೇ," ಎಂದರು ರಾಯರು, ಸಣ್ಣ ದನಿಯಲ್ಲಿ. "ನಿನ್ನೆ ಮಗ್ಗಿನಿಂದ ತುಳುಕಿದ್ದು."

ಪ್ರಭಾ ನೆಟ್ಟಗೆ ನಿಂತರು. "ಹಾಗಾದ್ರೆ ಅದು ಲೆಕ್ಕಕ್ಕಿಲ್ಲ. ದನದ ಸಗಣಿ ನೆಲಕ್ಕೆ ಬಿದ್ರೆ ಶುದ್ಧವೇ ಆಗುವುದು. ಮಗ್ಗಿನಲ್ಲಿ ಉಳಿದದ್ದುಂಟಲ್ಲ? ಬಾಲ್ಕನಿ ಪೂರ್ತಿ ಸಾರಿಸಿ. ಆಮೇಲೆ ಕಾಫಿ. ಹೊಸ ಬಟ್ಟೆಯಲ್ಲಿ ಸೋಸಿದ್ದು."

ರಾಯರು ಪಂಚೆ ಎತ್ತಿಕಟ್ಟಿ ಬಾಲ್ಕನಿಯಲ್ಲಿ ಕೂತರು. ಹನ್ನೊಂದನೆಯ ಮಹಡಿಯ ಟೈಲ್ಸು ಸಗಣಿಯನ್ನು ಹಿಡಿಯುವಂಥದಲ್ಲ, ಅದು ಜಾರುತ್ತಿತ್ತು. ಒಳಗಿನಿಂದ ಅಭಿಜಿತ್ ತಲೆ ಹಾಕಿದ.

"ಪಪ್ಪಾ, ಗ್ರಾಫಿಕ್ಸ್ ಕಾರ್ಡಿಗೂ ನೀರು ಬಿಡಬಹುದಾ?"

"ತಡಿ, ಕೈ ತೊಳೆದು ಬರ್ತೇನೆ," ಎಂದರು ರಾಯರು.