ಅರವತ್ತಕ್ಕೆ ಮೂರು ಕಡಿಮೆ

ಲ್ಯಾಬಿನ ಪರೀಕ್ಷೆಯ ಕೋಣೆಗೆ ಫ್ಯಾನ್ ಇರಲಿಲ್ಲ. ಗಾಳಿಯಾಡಿದರೆ ಅಳತೆ ಕೆಡುತ್ತದೆಂದು ಕಿಟಕಿಯನ್ನೂ ಬಿಗಿದಿದ್ದರು. ಎಂಟು ವರ್ಷದಿಂದ ಆಕೆ ಅಲ್ಲಿ ಕೂತು ಸೆಂಟು, ನೇಲ್ ಪಾಲಿಷ್, ತಲೆಗೆ ಹಚ್ಚುವ ಎಣ್ಣೆಗಳನ್ನು ಮುಚ್ಚಿದ ಹಿತ್ತಾಳೆ ಬಟ್ಟಲಿನಲ್ಲಿ ನಿಧಾನವಾಗಿ ಕಾಯಿಸುತ್ತಿದ್ದಳು. ಡಿಗ್ರಿ ಏರಿದಂತೆಲ್ಲ ಮುಚ್ಚಳದ ಕಿಂಡಿಯಿಂದ ಸಣ್ಣ ಜ್ವಾಲೆಯೊಂದನ್ನು ಒಳಗೆ ಇಣುಕಿಸಬೇಕು. ಯಾವ ಬಿಸಿಗೆ ಒಳಗಿನ ಆವಿ ನೀಲಿಯಾಗಿ ಭಗ್ಗೆಂದು ಹೊತ್ತಿ ಆರುತ್ತದೋ ಅದೇ ಆ ಸರಕಿನ ಫ್ಲ್ಯಾಶ್ ಪಾಯಿಂಟ್.

ಸರಕು ಯಾರದೆಂದು ಆಕೆಗೆ ತಿಳಿಯುವಂತಿರಲಿಲ್ಲ. ಬಾಟಲಿಯ ಮೇಲೆ ಬರೀ ಸಂಖ್ಯೆ. ಆದರೆ ಆ ಮಂಗಳವಾರ ಮುಚ್ಚಳ ತಿರುವಿದ ಕೂಡಲೇ ಕೈ ನಿಂತಿತು. ಕಿತ್ತಳೆ ಸಿಪ್ಪೆ, ಅದರ ಹಿಂದೆಯೇ ತುಸು ಲವಂಗ. ಮೂರು ತಿಂಗಳಿಂದ ಮನೆಯ ಟವೆಲಿಗೂ ತಲೆದಿಂಬಿಗೂ ಅಂಟಿಕೊಂಡಿದ್ದ ವಾಸನೆ. ಅಕ್ಕನ ಎಣ್ಣೆ! ಮಾರಾಟಕ್ಕೆಂದು ಮನೆಯಲ್ಲೇ ಬೆರೆಸಿದ ಅದನ್ನು ಅಕ್ಕ, ಭಾವ ಪರೀಕ್ಷೆ ಮಾಡಿಸಲು ಮಧ್ಯವರ್ತಿಯೊಬ್ಬನ ಕೈಗೆ ಕೊಟ್ಟಿದ್ದರು. ಅವನು ಯಾವ ಲ್ಯಾಬಿಗೆ ಕಳಿಸುತ್ತಾನೆಂದು ಅವರಿಗೂ ಗೊತ್ತಿರಲಿಲ್ಲ.

ಮನೆಯವರ ಸರಕನ್ನು ತಾವೇ ಪರೀಕ್ಷಿಸುವಂತಿಲ್ಲವೆಂಬುದು ಲ್ಯಾಬಿನ ನಿಯಮ, ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅರವತ್ತು ಡಿಗ್ರಿ ದಾಟಿಬಿಟ್ಟರೆ ಹೇಳುವ ಪ್ರಮೇಯವೇ ಇಲ್ಲ ಅಂದುಕೊಂಡಳು. ಅದರೊಳಗೆ ಹೊತ್ತಿಕೊಂಡರೆ ಮಾತ್ರ ಪೆಟ್ಟಿಗೆಯ ಮೇಲೆ ಬೆಂಕಿಯ ಗುರುತು ಹಾಕಬೇಕು, ಮಾಮೂಲಿ ಪಾರ್ಸೆಲ್ಲಿನಲ್ಲಿ ಕಳಿಸುವಂತಿಲ್ಲ.

ಐವತ್ತೇಳಕ್ಕೇ ನೀಲಿ ಬೆಳಕು ಹರಿಯಿತು. ಬಟ್ಟಲು ತೊಳೆದು, ಹೊಸದಾಗಿ ಎಣ್ಣೆ ಸುರಿದು ಮತ್ತೆ ಕಾಯಿಸಿದಳು. ಐವತ್ತೇಳೇ.

ಅಮ್ಮ ತೀರಿಕೊಂಡಾಗ ಆಕೆಗೆ ಒಂಬತ್ತು ವರ್ಷ. ಜಡೆ ಹೆಣೆದು ಶಾಲೆಗೆ ಕಳಿಸಿದವಳು, ಮದುವೆಯಾದ ಮೇಲೂ ಜೊತೆಗೇ ಕರೆತಂದವಳು ಅಕ್ಕ. ಆ ಮಂಗಳವಾರ ಸಂಜೆ ಊಟಕ್ಕೆ ಕೂತಾಗ ಭಾವ ಹೊಸ ಲೇಬಲ್ಲಿನ ಕಟ್ಟು ಹಿಡಿದು ಬಂದರು.

“ಏನ್ ಕಡ್ಡಿಪೆಟ್ಟಿಗೆ, ಇವತ್ತು ಯಾರ ಸರಕಿಗೆ ಬೆಂಕಿ ಇಟ್ಟೆ?” ಅವರು ದಿನಾ ಮಾಡುವ ತಮಾಷೆ ಅದು.

“ಯಾರದೋ, ಭಾವ.”

ಅಕ್ಕ ಒಂದು ಲೇಬಲ್ಲನ್ನು ದೀಪಕ್ಕೆ ಹಿಡಿದು ನೋಡಿದಳು. “ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ನೋಡೇ. ರಿಪೋರ್ಟ್ ಒಂದು ಬಂದ್ಬಿಟ್ರೆ ಸಾಕು. ತಲೆಗೆ ಹಚ್ಚೋ ಎಣ್ಣೆ ತಾನೇ, ಪಾಸಾಗದೆ ಏನು?”

“ಟೆಸ್ಟ್ ಅಂದ್ಮೇಲೆ ಹೇಳಕ್ಕಾಗಲ್ಲ ಅಕ್ಕಾ.”

“ಥೂ, ಬಿಡ್ತು ಅನ್ನು.”

ಆಕೆ ತಲೆ ತಗ್ಗಿಸಿದಳು. ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರ, ಬಿಡದಿದ್ದರೆ ಅಕ್ಕನಿಗೆ ಮೋಸ. ಎದ್ದು ಹೋಗೋಣವೆಂದರೆ ಹೋಗುವುದೆಲ್ಲಿಗೆ? ಇದ್ದ ಎರಡು ಕೋಣೆಗಳಲ್ಲಿ ಒಂದರ ತುಂಬ ಎಣ್ಣೆಯ ಪೆಟ್ಟಿಗೆಗಳು, ಅವುಗಳ ಸಂದಿಯಲ್ಲೇ ಆಕೆಯ ಹಾಸಿಗೆ.

ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆಯ ಎದುರು ನಿಂತಳು. “ಮೇಡಂ, ನಿನ್ನೆಯ ಆ ಬಾಟಲಿ ನಮ್ಮಕ್ಕಂದು.”

“ನಿನ್ನೇನೇ ಯಾಕೆ ಹೇಳ್ಲಿಲ್ಲ?”

“ಪಾಸಾಗತ್ತೆ ಅಂದ್ಕೊಂಡೆ.”

“ಆಗಿದ್ರೆ ಹೇಳ್ತಾನೇ ಇರ್ಲಿಲ್ಲ, ಅಲ್ವಾ?”

ಮುಖ್ಯಸ್ಥೆ ಹಳೆಯ ಫಲಿತಾಂಶಕ್ಕೆ ಗೀಟು ಎಳೆದು ಬಾಟಲಿಯನ್ನು ಹಿರಿಯ ಪರೀಕ್ಷಕರಿಗೆ ಕೊಟ್ಟರು. “ರಿಪೋರ್ಟ್ ನಿಮ್ಮಕ್ಕನ ಕೈ ಸೇರೋವರೆಗೂ ಮನೇಲಿ ತುಟಿ ಪಿಟಕ್ ಅನ್ನಬಾರ್ದು.” ಹಿರಿಯರು ಬಾಗಿಲು ಹಾಕಿಕೊಂಡು ಕಾಯಿಸಿದರು, ಆಕೆ ಹೊರಗೆ ನಿಂತಿದ್ದಳು. ಹೊರಬಂದವರು ತಲೆ ಅಡ್ಡಡ್ಡ ಆಡಿಸಿದರು.

ಶನಿವಾರ ಅಕ್ಕ ರಿಪೋರ್ಟನ್ನು ನಿಂತೇ ಓದಿದಳು. ಓದಿ, ಹಾಳೆಯ ನೆತ್ತಿಯ ಮೇಲಿದ್ದ ಹೆಸರು ನೋಡಿದಳು.

“ಇದು ನಿಮ್ಮ ಲ್ಯಾಬು.”

“ಹೂಂ.”

“ನಿಂಗೆ ಯಾವತ್ತು ಗೊತ್ತಾಯ್ತು?”

“ಮಂಗಳವಾರ.”

“ಇವರು ಲೇಬಲ್ ತಂದ ದಿನ. ಗೊತ್ತಿದ್ದೂ ನಮ್ಜೊತೆ ಕೂತು ಉಂಡೆ.”

“ಹೇಳೋ ಹಾಗಿರ್ಲಿಲ್ಲ ಅಕ್ಕಾ.”

“ಮೂರು ಡಿಗ್ರಿ ಜಾಸ್ತಿ ಬರಿ ಅಂತ ನಾನೇನೂ ಕೇಳ್ತಿರ್ಲಿಲ್ಲ ಕಣೇ. ನಾಲ್ಕು ದಿನ ನಿನ್ನ ಮುಂದೆ ಕುಣಿದಾಡಿದ್ನಲ್ಲ, ಅದಾದ್ರೂ ತಪ್ತಿತ್ತು.”

ಅಲ್ಲಿಗೆ ಅಕ್ಕ ಮಾತು ನಿಲ್ಲಿಸಿದಳು. ಲೇಬಲ್ಲುಗಳು ರದ್ದಿಗೆ ಹೋದವು. ಭಾವ ಕಿತ್ತಳೆ ಕಡಿಮೆ ಮಾಡಿ ಮತ್ತೆ ಎಣ್ಣೆ ಬೆರೆಸತೊಡಗಿದರು. ತಂಗಿಗೆ ಹೇಳಬೇಕಾದುದನ್ನೆಲ್ಲ ಅಕ್ಕ ಗಂಡನಿಗೆ ಹೇಳುತ್ತಿದ್ದಳು, ಆಕೆ ಎದುರಿಗೇ ಇದ್ದರೂ. “ಅವಳಿಗೆ ಸಾಕಾ ಕೇಳಿ.” “ಅವಳಿಗೆ ಬಾಗ್ಲು ಹಾಕ್ಕೊಳಕ್ಕೆ ಹೇಳಿ.”

ಮೂರು ವಾರ ತಡೆದ ಆಕೆ ಲ್ಯಾಬಿನ ಹತ್ತಿರ ಒಂದು ರೂಮು ಗೊತ್ತುಮಾಡಿ ಬಂದಳು. ಚೀಲಕ್ಕೆ ಬಟ್ಟೆ ತುಂಬುತ್ತಿರುವಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು.

“ಎಲ್ಲಿಗೆ?”

“ರೂಮು ನೋಡಿದೀನಿ.”

“ಎಣ್ಣೆಗೋಸ್ಕರ ತಂಗೀನ ಓಡಿಸಿದ್ಲು ಅಂತ ನಾಲ್ಕು ಜನ ಆಡ್ಕೊಳ್ಳಲಿ ಅಂತಾನಾ? ಎಲ್ಲಿಗೂ ಹೋಗೋದು ಬೇಡ.”

“ಇದ್ರೆ ಮಾತಾಡ್ತೀಯಾ?”

ಅಕ್ಕ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಸರಿಮಾಡಿ, ಗೂಡಿನಲ್ಲಿಟ್ಟು ಹೊರಗೆ ಹೋದಳು.

ಮಾರನೆಯ ದಿನ ಆಕೆ ರೂಮಿನ ಮಾಲೀಕನಿಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದಳು.

“ಯಾಕಮ್ಮಾ, ಏನಾಯ್ತು?”

“ಮನೇಲಿ ಬಿಡ್ತಿಲ್ಲ.”

“ಪುಣ್ಯ ಮಾಡಿದೀಯ ಬಿಡು,” ಎಂದ ಅವನು.